ಪುಸ್ತಕಕ್ಕೆ ಬಾಯಿಮಾತೇ ಬಂಡವಾಳ

ಮೈಸೂರಿನ ಕುವೆಂಪುನಗರದಲ್ಲಿ ಅಂಗಡಿ ಇಟ್ಟಿರುವ ಅನೇಕ ವರ್ತಕರ ಬಿಲ್ ಪುಸ್ತಕದ ತಲೆಬರಹದಲ್ಲಿಯೇ ಕನ್ನಡ ಸಾಹಿತ್ಯದ ಒಂದು ತುಣುಕು ಅಚ್ಚಾಗಿರುತ್ತದೆ. ಪಂಚಮಂತ್ರ ರಸ್ತೆ, ಅನಿಕೇತನ ರಸ್ತೆ, ಉದಯರವಿ ರಸ್ತೆ, ವಿಶ್ವಮಾನವ ಜೋಡಿರಸ್ತೆ ಮುಂತಾದ ಹೆಸರುಗಳೆಲ್ಲ ರಾಷ್ಟ್ರಕವಿ ಕುವೆಂಪು ಅವರ ಬರಹ ಮತ್ತು ಬದುಕಿನಿಂದ ಬಂದವು. 'ಅನಿಕೇತನ' ಅವರ ಕವನದ ಹೆಸರು. 'ಪಂಚಮಂತ್ರ' ಎಂಬುದು ಅವರು ನಾಡಿನ ಮುಂದಿಟ್ಟ ಐದು ಆದರ್ಶಗಳಿಗೆ ಕೊಟ್ಟ ಹೆಸರು. 'ಉದಯರವಿ' ವಾಣಿವಿಲಾಸ ಮೊಹಲ್ಲಾದಲ್ಲಿದ್ದ ಅವರ ಮನೆಯ ಹೆಸರು; ಅವರ ಕೃತಿಗಳನ್ನು ಹೊರತಂದ ಪ್ರಕಾಶನ ಸಂಸ್ಥೆಗೂ ಅದೇ ಹೆಸರು. ಒಬ್ಬ ಲೇಖಕನಿಗೆ ಒಂದು ಬಡಾವಣೆ ಸಲ್ಲಿಸಬಹುದಾದ ಗೌರವ ಇದಕ್ಕಿಂತ ಹೆಚ್ಚಿನದಿಲ್ಲ.

ಆದರೂ ಫಲಕದ ಮೇಲಿನ ಹೆಸರು ಪುಸ್ತಕವನ್ನು ಕಪಾಟಿನಿಂದ ಕೆಳಗಿಳಿಸಲಾರದು. ಆ ಕೆಲಸ ಆಗುವುದು ಮತ್ತೊಬ್ಬ ಓದುಗನ ಮಾತಿನಿಂದ. "ಇದನ್ನೊಮ್ಮೆ ಓದಿ ನೋಡಿ, ಸ್ವಾಮಿ" ಎಂಬ ಒಂದು ವಾಕ್ಯಕ್ಕೆ ಇರುವ ಶಕ್ತಿ ದೊಡ್ಡ ಜಾಹೀರಾತಿಗೂ ಇಲ್ಲ. ಇದನ್ನು ಪ್ರಕಾಶಕರು ಬಲ್ಲರು. ಪ್ರತಿದಿನ ನೂರಾರು ಜನರೊಡನೆ ಮಾತನಾಡುವ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಮಾತ್ರ ತಮ್ಮ ಕೈಯಲ್ಲಿರುವ ಈ ಶಕ್ತಿಯನ್ನು ಅಷ್ಟಾಗಿ ಗಮನಿಸಿದಂತಿಲ್ಲ.

ಒಂದು ಮಾತಿನಿಂದ ತೆರೆದ ಬಾಗಿಲು

ಮೈಸೂರಿನ ಸಾಹಿತ್ಯ ಚರಿತ್ರೆಯ ಎರಡು ಪ್ರಸಂಗಗಳು ಇದಕ್ಕೆ ಸಾಕ್ಷಿಯಾಗಿವೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ, ವಿದ್ಯಾರ್ಥಿಯಾಗಿದ್ದ ಪುಟ್ಟಪ್ಪನವರು ತಾವು ಇಂಗ್ಲಿಷಿನಲ್ಲಿ ಬರೆದ ಕವನಗಳನ್ನು ಅವರಿಗೆ ತೋರಿಸಿದರು. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕಸಿನ್ಸ್ ಕೇಳಿದರು. ತಾಯ್ನುಡಿಯಲ್ಲಿ ಬರೆಯುವಂತೆ ಸೂಚಿಸಿದರು. ಆ ಭೇಟಿಯಲ್ಲಿ ಬಂದುಹೋದ ಮಾತು ಅಷ್ಟೇ. ಅದು ಒಬ್ಬ ಲೇಖಕನ ದಾರಿಯನ್ನು ಮಾತ್ರವಲ್ಲ, ಒಂದು ಭಾಷೆಯ ಸಾಹಿತ್ಯದ ದಾರಿಯನ್ನೇ ತಿರುಗಿಸಿತು.

ಎರಡನೆಯದು ಮೈಸೂರಿನಲ್ಲಿ ನೆಲೆಸಿ ಇಂಗ್ಲಿಷಿನಲ್ಲಿ ಬರೆದ ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'ಗೆ ಸಂಬಂಧಿಸಿದ್ದು. ಲಂಡನ್ನಿನ ಪ್ರಕಾಶಕರು ಒಬ್ಬರ ಹಿಂದೊಬ್ಬರಂತೆ ಹಸ್ತಪ್ರತಿಯನ್ನು ಹಿಂದಿರುಗಿಸಿದಾಗ ನಾರಾಯಣ್ ಬೇಸತ್ತರು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರಿಗೆ, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡುವಂತೆ ತಿಳಿಸಿದರು. ಗೆಳೆಯ ಹಾಗೆ ಮಾಡಲಿಲ್ಲ. ಹಸ್ತಪ್ರತಿಯನ್ನು ಕಾದಂಬರಿಕಾರ ಗ್ರಹಾಂ ಗ್ರೀನ್ ಅವರ ಕೈಗಿತ್ತರು. ಗ್ರೀನ್ ಓದಿದರು, ಮೆಚ್ಚಿದರು, ಪ್ರಕಾಶಕರಿಗೆ ಹೇಳಿದರು. 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಆ ಕೃತಿಯನ್ನು ಪ್ರಕಟಿಸಿತು. ಶಿಫಾರಸು ಮಾಡಿದವರೂ ಅದನ್ನು ಪಡೆದವರೂ ಮುಖತಃ ಭೇಟಿಯಾದದ್ದು ಎರಡು ದಶಕಗಳ ಅನಂತರ.

ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಅಂಶವೊಂದಿದೆ. ಗ್ರೀನ್ ಅವರ ಮಾತಿನಿಂದ ಪುಸ್ತಕ ಮಾರುಕಟ್ಟೆಗೆ ಬಂದಿತಾದರೂ ಆರಂಭದ ಮಾರಾಟ ನೀರಸವಾಗಿಯೇ ಇತ್ತು. ಶಿಫಾರಸು ಬಾಗಿಲನ್ನು ತೆರೆಯುತ್ತದೆ. ಒಳಗಿನ ಸರಕು ಗಟ್ಟಿಯಾಗಿದ್ದರೆ ಮಾತ್ರ ಗಿರಾಕಿ ಮರಳಿ ಬರುತ್ತಾನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಸಂಪರ್ಕ ಕಡಿದಾಗ ನಾರಾಯಣ್ ಮೈಸೂರಿನಲ್ಲಿಯೇ 'ಇಂಡಿಯನ್ ಥಾಟ್ ಪಬ್ಲಿಕೇಷನ್ಸ್' ಎಂಬ ಸ್ವಂತ ಸಂಸ್ಥೆಯನ್ನು ಆರಂಭಿಸಿ ತಮ್ಮ ಕೃತಿಗಳನ್ನು ತಾವೇ ಪ್ರಕಟಿಸಿದರು. ಕುವೆಂಪು ಅವರ ಉದಯರವಿ ಪ್ರಕಾಶನದ ಸ್ವರೂಪವೂ ಇಂಥದೇ. ಈ ಊರಿನ ಇಬ್ಬರು ದೊಡ್ಡ ಲೇಖಕರೂ ತಮ್ಮ ಸರಕನ್ನು ತಾವೇ ತಯಾರಿಸಿ ತಾವೇ ಮಾರುಕಟ್ಟೆಗೆ ಒಯ್ದ ಸಣ್ಣ ಉದ್ದಿಮೆದಾರರಾಗಿದ್ದರು ಎಂದರೆ ತಪ್ಪಾಗದು.

ವಾಣಿಜ್ಯ ಮತ್ತು ಸಾಹಿತ್ಯ: ಒಂದೇ ಬೇರು

ಪುಸ್ತಕದ ಮಾತು ವಾಣಿಜ್ಯ ಸಂಸ್ಥೆಗಳಿಗೇಕೆ ಎಂಬ ಪ್ರಶ್ನೆ ಸಹಜ. ಉತ್ತರ ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1911ರಲ್ಲಿ, ನಾಡಿನ ಆರ್ಥಿಕ ಅಭಿವೃದ್ಧಿಗಾಗಿ ಮೈಸೂರು ಸಂಪದಭ್ಯುದಯ ಸಮಾಜ ಸ್ಥಾಪನೆಯಾಯಿತು. ಕೃಷಿ ಮತ್ತು ಕೈಗಾರಿಕೆಗಳೊಡನೆ ಶಿಕ್ಷಣವೂ ಅದರ ಕಾರ್ಯಕ್ಷೇತ್ರವಾಗಿತ್ತು. ಕನ್ನಡ ಭಾಷೆಗೊಂದು ಸಂಸ್ಥೆ ಬೇಕೆಂಬ ಆಲೋಚನೆ ಬೆಳೆದದ್ದು ಈ ಆರ್ಥಿಕ ಸಮಾಜದ ಮಡಿಲಿನಲ್ಲಿಯೇ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಗೊಂಡಿತು. ಮರುವರ್ಷ, 1916ರಲ್ಲಿ, ಮೈಸೂರು ವಾಣಿಜ್ಯ ಮಂಡಳಿಯೂ ಮೈಸೂರು ವಿಶ್ವವಿದ್ಯಾನಿಲಯವೂ ಹುಟ್ಟಿದವು. ಪರಿಷತ್ತಿನ ಮೊದಲ ಅಧ್ಯಕ್ಷರಾದ ಎಚ್.ವಿ. ನಂಜುಂಡಯ್ಯನವರೇ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳೂ ಆದರು.

ಓದು ಬಲ್ಲ ಸಮಾಜದಲ್ಲಿ ಮಾತ್ರ ಉದ್ಯಮ ಬೆಳೆಯುತ್ತದೆ ಎಂಬ ಲೆಕ್ಕಾಚಾರ ಅಂದಿನ ಆಡಳಿತಕ್ಕೆ ಸ್ಪಷ್ಟವಾಗಿತ್ತು. ಆ ಲೆಕ್ಕದಲ್ಲಿ ವರ್ತಕರ ಪಾಲು ಇಂದಿಗೂ ಇದೆ. ರಾಜ್ಯದಲ್ಲಿ ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬ ಮಳಿಗೆಯ ಮಾಲೀಕನೂ ಅದರೊಡನೆ ಶೇಕಡಾ 6ರಷ್ಟು ಗ್ರಂಥಾಲಯ ಕರವನ್ನು ಕಟ್ಟುತ್ತಾನೆ. ಹಣ ಹೋಗುತ್ತಿದೆ, ಅದರಿಂದ ಬಂದ ಪುಸ್ತಕದ ವಿಷಯ ಆತನ ಅಂಗಡಿಯಲ್ಲಿ ಮಾತಿಗೆ ಬರುವುದು ಅಪರೂಪ.

ಗೋದಾಮಿನಲ್ಲಿ ಕೂತ ಬಂಡವಾಳ

ಕನ್ನಡ ಪುಸ್ತಕದ ಅರ್ಥಶಾಸ್ತ್ರವನ್ನು ಅರಿತರೆ ಬಾಯಿಮಾತಿನ ಬೆಲೆ ತಿಳಿಯುತ್ತದೆ. ಕನ್ನಡದಲ್ಲಿ ಒಂದು ಮುದ್ರಣವೆಂದರೆ ಸಾಮಾನ್ಯವಾಗಿ ಸಾವಿರ ಪ್ರತಿ. ಕಾಗದ, ಅಚ್ಚು, ರಕ್ಷಾಪುಟ, ಹೊಲಿಗೆ ಎಲ್ಲಕ್ಕೂ ಪ್ರಕಾಶಕನು ಮುಂಗಡವಾಗಿಯೇ ಹಣ ತೊಡಗಿಸಬೇಕು. ಮಾರಾಟವಾಗದ ಪ್ರತಿಗಳು ಗೋದಾಮಿನಲ್ಲಿ ಕೂತಷ್ಟು ಕಾಲವೂ ಅವು ಸತ್ತ ಬಂಡವಾಳ. ದಾಸ್ತಾನು ಕರಗದೆ ಕಷ್ಟಪಟ್ಟ ಯಾವ ಸಣ್ಣ ಕೈಗಾರಿಕೆಯವನಿಗೂ ಈ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೆರಿಗೆಯ ಸ್ಥಿತಿಯೂ ಗಮನಾರ್ಹ. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಮುದ್ರಿತ ಪುಸ್ತಕಕ್ಕೆ ವಿನಾಯಿತಿ ಇದೆ. ಮೇಲುನೋಟಕ್ಕೆ ಇದು ಅನುಕೂಲವೇ. ಆದರೆ ವಿನಾಯಿತಿ ಪಡೆದ ಸರಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು ಎಂಬುದನ್ನು ವರ್ತಕರು ಬಲ್ಲರು. ಕಾಗದಕ್ಕೂ ಮುದ್ರಣಕ್ಕೂ ತೆತ್ತ ತೆರಿಗೆ ಪ್ರಕಾಶಕನ ಖರ್ಚಿಗೇ ಸೇರುತ್ತದೆ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ ತಯಾರಿಕೆಯ ಕಾಗದಕ್ಕೆ ತೆರಿಗೆ ಇಲ್ಲವಾಯಿತು. ಪುಸ್ತಕ ಮುದ್ರಣದ ಕಾಗದದ ಮೇಲಿನ ತೆರಿಗೆಯೋ ಶೇಕಡಾ 12ರಿಂದ 18ಕ್ಕೆ ಏರಿತು. ಅಂಚೆಯ ಕಡೆಯಲ್ಲಿಯೂ ಬದಲಾವಣೆಗಳಾದವು. ಅಗ್ಗದ ದರದ ಹಳೆಯ ಪುಸ್ತಕ ಅಂಚೆ ಸೇವೆ 2024ರ ಡಿಸೆಂಬರ್ 18ರಂದು ನಿಂತುಹೋಯಿತು. ಪ್ರಕಾಶಕರ ಅಹವಾಲುಗಳ ನಡುವೆ 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ಸೇವೆ ಆರಂಭವಾಯಿತು. ಆರಂಭದಲ್ಲಿ ಗೊತ್ತುಪಡಿಸಿದಂತೆ ಇದರಲ್ಲಿ 300 ಗ್ರಾಂವರೆಗೆ 20 ರೂಪಾಯಿ, ಗರಿಷ್ಠ 5 ಕಿಲೋಗ್ರಾಂಗೆ 100 ರೂಪಾಯಿ, ತೆರಿಗೆ ಪ್ರತ್ಯೇಕ.

ಇಷ್ಟು ಕಡಿಮೆ ಅಂಚಿನ ವ್ಯಾಪಾರದಲ್ಲಿ ಜಾಹೀರಾತಿಗೆ ಹಣ ಉಳಿಯುವುದಿಲ್ಲ. ಸಾಬೂನು ಮಾರುವವನು ಪತ್ರಿಕೆಯ ಅರ್ಧ ಪುಟ ಕೊಳ್ಳಬಲ್ಲ. ಸಾವಿರ ಪ್ರತಿಯ ಕಾದಂಬರಿಯನ್ನು ಅಚ್ಚುಹಾಕಿದವನು ಕೊಳ್ಳಲಾರ. ಹೀಗಾಗಿ ಕನ್ನಡ ಪುಸ್ತಕದ ಪಾಲಿಗೆ ಬಾಯಿಮಾತು ಪ್ರಚಾರದ ಒಂದು ಬಗೆಯಷ್ಟೇ ಆಗಿ ಉಳಿದಿಲ್ಲ; ಬಹುಮಟ್ಟಿಗೆ ಇರುವ ಪ್ರಚಾರವೇ ಅದು.

ಹೆಗಲ ಮೇಲಿನ ಅಂಗಡಿ

ಇದು ಹೊಸ ಸಂಗತಿಯೇನಲ್ಲ. ಕನ್ನಡ ಕಾದಂಬರಿಯ ಆದಿಪುರುಷರಲ್ಲೊಬ್ಬರಾದ ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ, ಮನೆಬಾಗಿಲಿಗೆ ಹೋಗಿ ಮಾರಿದರು. ಜಿ.ಪಿ. ರಾಜರತ್ನಂ ಅವರು ಚೀಲದಲ್ಲಿ ಪುಸ್ತಕಗಳನ್ನು ತುಂಬಿಕೊಂಡು ಸಭೆ ಸಮಾರಂಭಗಳಿಗೆ ಹೋಗುತ್ತಿದ್ದ ಸಂಗತಿ ಪ್ರಸಿದ್ಧವಾಗಿದೆ. ಅವರು ಒಯ್ದದ್ದು ಪುಸ್ತಕವನ್ನು ಮಾತ್ರವಲ್ಲ; ಅದರ ಜೊತೆಗೆ ಅದು ಏಕೆ ಓದತಕ್ಕದ್ದು ಎಂಬ ಮಾತನ್ನೂ ಒಯ್ದರು. ಗಿರಾಕಿಯ ಮುಖ ನೋಡಿ ಸರಕು ತೋರಿಸುವ ಜವಳಿ ಅಂಗಡಿಯವನ ಜಾಣ್ಮೆ ಇದಕ್ಕಿಂತ ಬೇರೆಯಲ್ಲ.

ಈಚಿನ ನಿದರ್ಶನ ಕುವೆಂಪುನಗರದಲ್ಲಿಯೇ ಇದೆ. ಈ ಬಡಾವಣೆಯಲ್ಲಿ ದೀರ್ಘಕಾಲ ನೆಲೆಸಿದ್ದ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ನಿಧನರಾದರು. 2007ರಲ್ಲಿ ಪ್ರಕಟವಾದ ಅವರ 'ಆವರಣ' ಅದೇ ವರ್ಷ ಹಲವು ಮರುಮುದ್ರಣಗಳನ್ನು ಕಂಡಿತು. ಆ ಕೃತಿಯನ್ನು ಕೊಂಡಾಡಿದವರಿದ್ದಂತೆ ಕಟುವಾಗಿ ಟೀಕಿಸಿದವರೂ ಇದ್ದರು. ಎರಡೂ ಬಗೆಯ ಮಾತು ಓದುಗನನ್ನು ಪುಸ್ತಕದಂಗಡಿಗೆ ಕಳುಹಿಸಿತು. ಪುಸ್ತಕಕ್ಕೆ ನಿಜವಾದ ಹಾನಿ ಟೀಕೆಯಿಂದಲ್ಲ, ಮೌನದಿಂದ.

ಹೊರದೇಶದ ಉದಾಹರಣೆಯೊಂದು ಉದ್ಯಮಿಗಳಿಗೆ ಇನ್ನೂ ಹತ್ತಿರದ್ದು. 1991ರಲ್ಲಿ ಬಿಲ್ ಗೇಟ್ಸ್ ಅವರು ವಾರೆನ್ ಬಫೆಟ್ ಅವರನ್ನು ವ್ಯಾಪಾರದ ಬಗ್ಗೆ ಅತ್ಯುತ್ತಮ ಪುಸ್ತಕ ಯಾವುದೆಂದು ಕೇಳಿದರು. ಬಫೆಟ್ ಅವರು ಜಾನ್ ಬ್ರೂಕ್ಸ್ ಬರೆದ, 1969ರಲ್ಲಿ ಪ್ರಕಟವಾದ 'ಬಿಸಿನೆಸ್ ಅಡ್ವೆಂಚರ್ಸ್' ಹೆಸರನ್ನು ಹೇಳಿ, ತಮ್ಮ ಸ್ವಂತ ಪ್ರತಿಯನ್ನೇ ಓದಲು ಕೊಟ್ಟರು. 2014ರಲ್ಲಿ ಗೇಟ್ಸ್ ಈ ವಿಷಯವನ್ನು ಬರೆದಾಗ ಆ ಪುಸ್ತಕ ಅಚ್ಚಿನಲ್ಲಿಯೇ ಇರಲಿಲ್ಲ. ಲೇಖಕರು ತೀರಿಕೊಂಡು ಎರಡು ದಶಕಗಳಾಗಿದ್ದವು. ಅದೇ ವರ್ಷ ಮರುಮುದ್ರಣಗೊಂಡು ಅದು ಹೆಚ್ಚು ಮಾರಾಟವಾಗುವ ಪುಸ್ತಕಗಳ ಸಾಲಿಗೆ ಸೇರಿತು. ಒಬ್ಬ ವ್ಯಾಪಾರಿ ಇನ್ನೊಬ್ಬನಿಗೆ ಸಹಜವಾಗಿ ಹೇಳಿದ ಒಂದು ಹೆಸರು ಮರೆತುಹೋದ ಕೃತಿಯೊಂದಕ್ಕೆ ಮತ್ತೆ ಜೀವ ಕೊಟ್ಟಿತು.

ಮಾತಿಗೆ ಬೆಲೆ ಏಕೆ?

ಇಂತಹ ಮಾತಿಗೆ ಬೆಲೆ ಬರುವುದು ಹೇಳುವವನಿಗೆ ಅದರಿಂದ ಲಾಭವಿಲ್ಲದಿರುವುದರಿಂದ. ಹೊಸ ಪಾರ್ಟಿಗೆ ಉದ್ದರಿ ಕೊಡುವ ಮುನ್ನ ವರ್ತಕನು ಬೀದಿಯ ಇನ್ನೊಬ್ಬ ವರ್ತಕನನ್ನು ವಿಚಾರಿಸುತ್ತಾನೆ. "ಮನುಷ್ಯ ಸರಿಯಾದವನು" ಎಂದು ಹೇಳಿದವನು ತನ್ನ ಹೆಸರನ್ನೇ ಅಡವಿಟ್ಟಿರುತ್ತಾನೆ. ಪುಸ್ತಕದ ಶಿಫಾರಸೂ ಹಾಗೆಯೇ. ಕೇಳಿದವನು ಇನ್ನೂರು ಮುನ್ನೂರು ರೂಪಾಯಿ ತೆರುತ್ತಾನೆ. ಅದಕ್ಕಿಂತ ಹೆಚ್ಚಾಗಿ ಹತ್ತಾರು ಗಂಟೆಗಳ ಸಮಯವನ್ನು ತೆರುತ್ತಾನೆ. ಪುಸ್ತಕ ಕೆಟ್ಟದಾದರೆ ಹೇಳಿದವನ ಮಾತಿನ ಪತ್ತು ಇಳಿಯುತ್ತದೆ.

ಬಾಯಿಮಾತಿಗೆ ಕಟ್ಟುವ ಶಕ್ತಿಯಿರುವಂತೆ ಕೆಡವುವ ಶಕ್ತಿಯೂ ಇದೆ. ನಾರಾಯಣ್ ಅವರ 'ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್' (1952) ಕಾದಂಬರಿಯ ಮಾರ್ಗಯ್ಯ ಸಹಕಾರಿ ಬ್ಯಾಂಕಿನ ಎದುರಿನ ಆಲದ ಮರದ ಕೆಳಗೆ ತಗಡಿನ ಪೆಟ್ಟಿಗೆಯಿಟ್ಟುಕೊಂಡು ವ್ಯವಹಾರ ಆರಂಭಿಸಿ, ಮುಂದೆ ಜನರ ಠೇವಣಿಗಳಿಂದ ದೊಡ್ಡವನಾಗುತ್ತಾನೆ. ಆತನ ಹಣದ ಬಗ್ಗೆ ಹಬ್ಬಿದ ಒಂದು ಗಾಳಿಮಾತು ಠೇವಣಿದಾರರನ್ನೆಲ್ಲ ಮನೆಬಾಗಿಲಿಗೆ ತಂದು ನಿಲ್ಲಿಸುತ್ತದೆ. ಮಾತಿನ ಮೇಲೆ ಕಟ್ಟಿದ್ದು ಮಾತಿನಿಂದಲೇ ಬೀಳುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಕಥೆ ವಿರಳ. ವ್ಯವಹಾರಸ್ಥರು ಓದತಕ್ಕ ಪುಸ್ತಕಗಳ ಸಾಲಿನಲ್ಲಿ ಇದನ್ನು ಮೊದಲಿಗೇ ಇಡಬಹುದು.

ಎಚ್ಚರ ವಹಿಸಬೇಕಾದ ಕಡೆ

ಎಲ್ಲ ಶಿಫಾರಸುಗಳೂ ಹಿತವಲ್ಲ. ಓದದೆಯೇ ಹೊಗಳುವುದು, ಹಂಗಿಗೆ ಬಿದ್ದು ಮೆಚ್ಚುವುದು, ಒಂದೇ ಉಸಿರಿಗೆ ಹತ್ತು ಹೆಸರುಗಳನ್ನು ಒಪ್ಪಿಸುವುದು, ಇವೆಲ್ಲ ಮಾತಿನ ತೂಕವನ್ನು ಕಡಿಮೆ ಮಾಡುತ್ತವೆ. ಹತ್ತು ಪುಸ್ತಕಗಳ ಪಟ್ಟಿ ಪಡೆದವನು ಸಾಮಾನ್ಯವಾಗಿ ಒಂದನ್ನೂ ಓದುವುದಿಲ್ಲ. ಒಂದೇ ಹೆಸರು ಕೇಳಿದವನು ಅದನ್ನು ಹುಡುಕುವ ಸಂಭವ ಹೆಚ್ಚು.

ಮೊಬೈಲ್ ಫೋನಿನ ಕಾಲದಲ್ಲಿ ಇನ್ನೊಂದು ಕೇಡು ಸೇರಿದೆ. "ಒಳ್ಳೆಯ ಪುಸ್ತಕ, ಓದಿ" ಎಂಬ ಮಾತಿನ ಜೊತೆಗೆ ಇಡೀ ಪುಸ್ತಕದ ಪಿಡಿಎಫ್ ಪ್ರತಿಯನ್ನೇ ವಾಟ್ಸಾಪ್ ಗುಂಪುಗಳಲ್ಲಿ ಹಂಚುವ ರೂಢಿ ಬೆಳೆದಿದೆ. ಕಳುಹಿಸಿದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿರಲಾರದು. ಆದರೆ ತಾನು ತಯಾರಿಸಿದ ಬಿಡಿಭಾಗದ ನಕಲು ಸರಕು ಪಕ್ಕದ ಅಂಗಡಿಯಲ್ಲಿ ಬಿಟ್ಟಿಯಾಗಿ ಸಿಕ್ಕರೆ ಹೆಬ್ಬಾಳು ಅಥವಾ ಹೂಟಗಳ್ಳಿಯ ಸಣ್ಣ ಕಾರ್ಖಾನೆಯ ಮಾಲೀಕನಿಗೆ ಏನಾಗುವುದೋ ಸಾವಿರ ಪ್ರತಿಯ ಪ್ರಕಾಶಕನಿಗೂ ಅದೇ ಆಗುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಲೇಖಕರ ಮರಣಾನಂತರ 60 ವರ್ಷಗಳವರೆಗೆ ಕೃತಿಯ ಹಕ್ಕು ಉಳಿಯುತ್ತದೆ. 1942ರಲ್ಲಿ ತೀರಿಕೊಂಡ ಗಳಗನಾಥರ ಕೃತಿಗಳು ಈಗ ಸರ್ವರ ಸೊತ್ತು. 1994ರಲ್ಲಿ ನಿಧನರಾದ ಕುವೆಂಪು ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇದೆ. ಹಕ್ಕಿನ ಉಲ್ಲಂಘನೆಗೆ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ದಂಡವನ್ನೂ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದೆ. ಮೆಚ್ಚಿದ ಪುಸ್ತಕದ ಹೆಸರು, ಲೇಖಕ, ಪ್ರಕಾಶಕ, ಬೆಲೆ ಇಷ್ಟನ್ನು ಕಳುಹಿಸಿದರೆ ಗೆಳೆಯನಿಗೂ ಉಪಕಾರ, ಪುಸ್ತಕಕ್ಕೂ ಉಪಕಾರ.

ಅಂಗಡಿಯ ಕಟ್ಟೆಯ ಮೇಲೆ

ಈ ಕೆಲಸಕ್ಕೆ ಸಂಘ, ಸಭೆ, ಸಮಾರಂಭಗಳು ಬೇಕಿಲ್ಲ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ತಾನು ಓದುತ್ತಿರುವ ಪುಸ್ತಕವನ್ನು ಇಟ್ಟುಕೊಳ್ಳುವುದೇ ಮೊದಲ ಶಿಫಾರಸು. ಗಿರಾಕಿಗಳಲ್ಲಿ ಒಬ್ಬರಾದರೂ ಅದೇನೆಂದು ಕೇಳುತ್ತಾರೆ. ಕೇಳಿದವರಿಗೆ ಪುಸ್ತಕ ಯಾವುದರ ಬಗ್ಗೆ, ಯಾರಿಗೆ ಹಿಡಿಸೀತು ಎಂಬುದನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಅದರಲ್ಲಿ ಹಿಡಿಸದ ಒಂದು ಅಂಶವನ್ನೂ ಹೇಳಿದರೆ ಕೇಳಿದವನಿಗೆ ನಂಬಿಕೆ ಹೆಚ್ಚುತ್ತದೆ. ದೀಪಾವಳಿಗೆ ಸಿಹಿ ಹಂಚುವ ಕಾರ್ಖಾನೆಗಳು ಸಿಹಿಯೊಡನೆ ಒಂದು ಪುಸ್ತಕವನ್ನು ಕೊಟ್ಟರೆ, ಮೊದಲ ಪುಟದಲ್ಲಿ ಮಾಲೀಕನ ಕೈಬರಹದ ಒಂದು ಸಾಲಿರಲಿ. ಹಾಗೆ ಬಂದ ಪುಸ್ತಕವನ್ನು ತೆರೆದು ನೋಡದೆ ಬದಿಗಿಡುವವರು ಕಡಿಮೆ.

ಯಾರಿಗೆ ಯಾವುದು ಎಂಬ ವಿವೇಚನೆಯೂ ಮುಖ್ಯ. ಓದಲು ಸಮಯವೇ ಇಲ್ಲ ಎನ್ನುವವರಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ತಕ್ಕುದು. ಚಿಕ್ಕದು, ಹಿಡಿದರೆ ಬಿಡದ ಓದು. ದಿನಕ್ಕೆ ಹತ್ತು ನಿಮಿಷವಷ್ಟೇ ಸಿಗುವವರಿಗೆ ಡಿ.ವಿ.ಜಿ. ಅವರ 'ಮಂಕುತಿಮ್ಮನ ಕಗ್ಗ' (1943) ಇದೆ; ಅದರ 945 ಪದ್ಯಗಳಲ್ಲಿ ದಿನಕ್ಕೊಂದರಂತೆ ಓದಿದರೂ ಎರಡೂವರೆ ವರ್ಷಕ್ಕಾಗುತ್ತದೆ. ಬಡತನದಿಂದ ಮೇಲೆ ಬರಲು ಹೆಣಗುತ್ತಿರುವ ಕೆಲಸಗಾರರ ಮಕ್ಕಳಿಗೆ ಭೈರಪ್ಪನವರ ಆತ್ಮಕಥೆ 'ಭಿತ್ತಿ' (1996)ಯನ್ನು ಕೊಡಬಹುದು. ಕಾರ್ಖಾನೆ ಕಟ್ಟುವ ಕನಸಿನ ಯುವಕರಿಗೆ ವಿಶ್ವೇಶ್ವರಯ್ಯನವರು 1951ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ವೃತ್ತಿಜೀವನದ ನೆನಪುಗಳು ಇಂದಿಗೂ ದಾರಿ ತೋರಬಲ್ಲವು. ಮಾಡಿದ ಪ್ರಯೋಗಗಳಲ್ಲಿ ಸೋತು ನಿರಾಶರಾದವರಿಗೆ ಶಿವರಾಮ ಕಾರಂತರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಧೈರ್ಯ ನೀಡುತ್ತದೆ.

ಒಂದು ಬೀದಿಯಲ್ಲಿ ಐವತ್ತು ಅಂಗಡಿಗಳಿದ್ದು, ಪ್ರತಿ ವರ್ತಕನೂ ತಿಂಗಳಿಗೆ ಒಬ್ಬ ಗಿರಾಕಿಗೆ ಒಂದು ಪುಸ್ತಕದ ಹೆಸರನ್ನು ಹೇಳಿದರೆ ವರ್ಷಕ್ಕೆ ಆರುನೂರು ಮಾತುಗಳಾಗುತ್ತವೆ. ಹತ್ತರಲ್ಲಿ ಒಂದು ಫಲಿಸಿದರೂ ಅರವತ್ತು ಪ್ರತಿಗಳ ಮಾರಾಟ. ಸಾವಿರ ಪ್ರತಿಯ ಮುದ್ರಣದಲ್ಲಿ ಅರವತ್ತು ಸಣ್ಣ ಸಂಖ್ಯೆಯಲ್ಲ. ಹೂಡಬೇಕಾದ ಬಂಡವಾಳ ಶೂನ್ಯ. ಬೇಕಾದ ಅರ್ಹತೆ ಒಂದೇ, ಹೇಳುವವನು ಆ ಪುಸ್ತಕವನ್ನು ಮೊದಲು ತಾನು ಓದಿರಬೇಕು.